ಜರ್ಮನಿಯಲ್ಲೂ ಭಾವನ ಗಾಡಿಯ ಹಿಂದೆ

ಕುಂಭಾರಿ

ಜರ್ಮನಿಯ ಕಥೆಯನ್ನು ಕುಂಭಾರಿಯಿಂದ ಶುರುಮಾಡುತ್ತಿದ್ದೇನೆ. ಬೇಸರಪಡಬೇಡಿ. ವಿಮಾನ ಹತ್ತುವ ಮೊದಲು ನೀವು ನನ್ನ ಗಾಡಿಯನ್ನೂ ನಮ್ಮ ಭಾವನನ್ನೂ ನೋಡಲೇಬೇಕು, ಇಲ್ಲದಿದ್ದರೆ ಅಲ್ಲಿ ಪೊಲೀಸರು ನಮ್ಮನ್ನು ಯಾಕೆ ಹಿಡಿದರು ಅನ್ನುವುದು ತಿಳಿಯುವುದಿಲ್ಲ.

ಗಾಡಿ ಕೆಂಪು, ನೆತ್ತಿ ಕಪ್ಪು. ಗಿಡ್ಡಗೆ, ಅಗಲಕ್ಕೆ, ನೆಲಕ್ಕೆ ಹತ್ತಿ ಕುಳಿತ ಹ್ಯಾಚ್‌ಬ್ಯಾಕ್. ಹಿಂದಿನ ಬಾಗಿಲ ಮೇಲೆ ಸಣ್ಣದೊಂದು ರೆಕ್ಕೆ. ಟರ್ಬೊ ಎಂಜಿನ್, ಕೈಯಿಂದ ಹಾಕುವ ಗೇರು. ಎರಡನೇ ಗೇರಿನಲ್ಲಿ ಕಾಲೊತ್ತಿದರೆ ಒಂದು ಕ್ಷಣ ಯೋಚನೆ ಮಾಡಿದಂತೆ ಸುಮ್ಮನಿದ್ದು, ಆಮೇಲೆ ಬೆನ್ನನ್ನು ಸೀಟಿಗೆ ಅಂಟಿಸಿ ಎಳೆದುಕೊಂಡು ಹೋಗುತ್ತದೆ. ಐವತ್ತು ದಾಟಿದ, ಮೊಣಕಾಲು ಹಿಡಿಯುವ, ಟವೆಲ್ ವ್ಯಾಪಾರದ ಮನೆಯ ಸೊಸೆಗೆ ಇಂಥದ್ದು ಯಾಕೆ ಬೇಕಿತ್ತು ಎಂದು ಸೊಲ್ಲಾಪುರದಲ್ಲಿ ಕೇಳದವರಿಲ್ಲ. ಬೇಕಿತ್ತು, ಕೊಂಡೆ. ದಿನಾ ಬೆಳಿಗ್ಗೆ ಅಕ್ಕಲಕೋಟೆ ರಸ್ತೆಯಲ್ಲಿರುವ ನಮ್ಮ ಮಗ್ಗದ ಶೆಡ್ಡಿಗೆ ಅದರಲ್ಲೇ ಹೋಗುತ್ತೇನೆ. ರಸ್ತೆ ಖಾಲಿಯಿದ್ದರೆ ಹಾಡಿಕೊಂಡೂ ಹೋಗುತ್ತೇನೆ. ಹಾಡು ಬರುವುದಿಲ್ಲ, ಆದರೂ.

ಇನ್ನು ಭಾವ, ಅಂದರೆ ನಮ್ಮವರ ಅಣ್ಣ, ಮನೆಯ ಹಿರಿಯರು. ಒಳ್ಳೆಯವರೇ. ಆದರೆ ಅವರಿರುವಲ್ಲಿ ನಮ್ಮ ಮನೆಯ ಎರಡು ರೂಢಿ ಕಟ್ಟುನಿಟ್ಟು. ಒಂದು, ಅವರು ತಮ್ಮನ ಹೆಂಡತಿಯಾದ ನನ್ನೊಡನೆ ನೇರವಾಗಿ ಮಾತಾಡುವುದಿಲ್ಲ. ಏನಿದ್ದರೂ ನಮ್ಮವರ ಮೂಲಕ. ಇನ್ನೊಂದು, ಹಿರಿಯರ ಗಾಡಿಯನ್ನು ಕಿರಿಯರ ಗಾಡಿ ದಾಟಿ ಮುಂದೆ ಹೋಗಕೂಡದು. ಇದನ್ನು ಯಾರು ಮಾಡಿದರೋ ಏನೋ, ಎತ್ತಿನ ಗಾಡಿಯ ಕಾಲದ್ದಿರಬೇಕು.

ಗುರುವಾರ ನಾವೆಲ್ಲ ಅಕ್ಕಲಕೋಟೆ ಗುಡಿಗೆ ಹೋಗುವುದು ಪದ್ಧತಿ. ಮುಂದೆ ಭಾವನ ಹಳೆಯ ಬಿಳಿ ಗಾಡಿ, ಹಿಂದೆ ನನ್ನ ಕೆಂಪು. ರಸ್ತೆ ಈಗ ಅಗಲವಾಗಿದೆ, ನುಣ್ಣಗಾಗಿದೆ. ಭಾವ ಮಾತ್ರ ಎತ್ತಿನ ಜೊತೆ ಮಾತಾಡಿಕೊಂಡು ಹೋಗುವವರ ಹಾಗೆ ಹೋಗುತ್ತಾರೆ. ಕುಂಭಾರಿ ದಾಟುವಷ್ಟರಲ್ಲಿ ಹಾಲಿನ ಕ್ಯಾನಿನ ಮೋಟಾರುಸೈಕಲ್ಲುಗಳು, ಕಬ್ಬಿನ ಟ್ರ್ಯಾಕ್ಟರು, ಶಾಲೆಯ ರಿಕ್ಷಾ ಎಲ್ಲವೂ ನಮ್ಮನ್ನು ದಾಟಿರುತ್ತವೆ. ಆ ಬಿಳಿ ಗಾಡಿಯ ಬೆನ್ನು ನನಗೆ ಬಾಯಿಪಾಠ. ಎಡಗಡೆ ದೀಪದಲ್ಲಿ ಬಿರುಕು, ಬಂಪರಿನ ಮೇಲೆ ಹಸು ಗುದ್ದಿದ ತಗ್ಗು, ಗಾಜಿನ ಮೇಲೆ ಅರ್ಧ ಕಿತ್ತುಹೋದ ಓಂಕಾರ. ನನ್ನ ಗಾಡಿಗೆ ಮೂರನೇ ಗೇರಿನ ಆಚೆಗೂ ಗೇರುಗಳಿವೆ ಎಂಬುದು ಗುರುವಾರ ಮರೆತೇಹೋಗುತ್ತದೆ.

ಜರ್ಮನಿಗೆ ಹೊರಡುವ ಹಿಂದಿನ ವಾರ ಭಾವ ನಮ್ಮ ವಾಡೆಯ ಅಂಗಳದಲ್ಲಿ ನಿಂತು ನಮ್ಮವರನ್ನು ಕರೆದರು. ನಾನು ಪಕ್ಕದಲ್ಲೇ ತುಳಸಿಗೆ ನೀರು ಹಾಕುತ್ತಿದ್ದೆ.

“ರಾಜೂ, ಆಕೀಗಿ ಹೇಳು. ಜರ್ಮನಿಯಿಂದ ಬಂದ ಮ್ಯಾಲ ದೀಪಾವಳಿ ಪಾಡವ್ಯಾಕ ದೊಡ್ಡ ಗಾಡಿ ತರೂಣು, ಏಳು ಮಂದಿ ಕೂಡೂ ಅಂಥಾದ್ದು. ಆ ಕೆಂಪದು ಕೊಟ್ಟಬಿಡೂಣು. ವಾಡೇದಾಗ ಜಾಗಾ ಎಲ್ಲೈತಿ?”

ಗಾಡಿ ನನ್ನದು, ನನ್ನ ಹೆಸರಿನದು. ಆದರೂ ಕೂಡು ಕುಟುಂಬದಲ್ಲಿ ನನ್ನದು ಎಂಬ ಮಾತಿಗೆ ಎಷ್ಟು ಬಲವಿರುತ್ತದೆ ಎಂದು ನಿಮಗೂ ಗೊತ್ತು.

“ನಾ ಕೊಡಂಗಿಲ್ಲಂತ ಹೇಳ್ರಿ ಅವರಿಗಿ” ಎಂದು ನಾನೂ ನಮ್ಮವರಿಗೇ ಹೇಳಿದೆ.

“ಇಬ್ಬರದೂ ಇಬ್ಬರಿಗೂ ಕೇಳಿಸೈತಿ. ಚಹಾ ಆರಾಕತ್ತೈತಿ, ಬರ್ರಿ” ಎಂದು ನಮ್ಮವರು ಒಳಗೆ ಹೋದರು. ಜನ್ಮದಲ್ಲಿ ಒಂದು ಕಡೆ ನಿಲ್ಲುವವರಲ್ಲ.

ಇದನ್ನೆಲ್ಲ ಇಷ್ಟು ಧೈರ್ಯವಾಗಿ ಹೇಗೆ ಬರೆಯುತ್ತಿದ್ದಾಳೆ ಅಂತೀರಾ? ನಮ್ಮ ಮನೆಯಲ್ಲಿ ಕನ್ನಡ ಎಲ್ಲರೂ ಮಾತಾಡುತ್ತಾರೆ, ಓದುವವಳು ನಾನೊಬ್ಬಳೇ. ಉಳಿದವರೆಲ್ಲ ಮರಾಠಿ ಶಾಲೆ.

ಫ್ರಾಂಕ್‌ಫರ್ಟ್

ಹೋಗಿದ್ದು ನಾಲ್ವರು. ಭಾವ, ಅವರ ಹೆಂಡತಿ (ನಾನು ಅಕ್ಕ ಅನ್ನುತ್ತೇನೆ, ನಮ್ಮವರು ವೈನಿ ಅನ್ನುತ್ತಾರೆ), ನಮ್ಮವರು, ನಾನು. ದಕ್ಷಿಣದ ಕಪ್ಪುಕಾಡು ಎಂಬ ಗುಡ್ಡಸೀಮೆಯಲ್ಲಿ ಯೂಟಾ ಎಂಬ ಅಜ್ಜಿ ಬಿಸಿನೀರಿನ ಬುಗ್ಗೆಯ ಪಕ್ಕ ವಸತಿಗೃಹ ನಡೆಸುತ್ತಾಳೆ. ವರ್ಷಗಳಿಂದ ನಮ್ಮ ಟವೆಲ್ ಅಲ್ಲಿಗೆ ಹೋಗುತ್ತದೆ. ಒಮ್ಮೆ ಬನ್ನಿ, ಹೊಸ ನಮೂನೆಗಳನ್ನೂ ತನ್ನಿ ಎಂದು ಕರೆದಿದ್ದಳು. ಟವೆಲ್ ಗಂಟುಗಳು ಬಹಳವಾದ್ದರಿಂದ ವಿಮಾನ ನಿಲ್ದಾಣದಲ್ಲಿ ಎರಡು ಬಾಡಿಗೆ ಗಾಡಿ ಮಾಡಿದೆವು. ಎರಡಕ್ಕೂ ಭಾವ, ನಮ್ಮವರು, ನಾನು ಮೂವರನ್ನೂ ಡ್ರೈವರ್ ಎಂದು ಬರೆಸಿದೆವು. ಭಾವನಿಗೆ ಸಿಕ್ಕಿದ್ದು ಬೂದುಬಣ್ಣದ ಉದ್ದನೆಯ ಗಾಡಿ. ನಮಗೆ ಸಿಕ್ಕಿದ್ದು? ಹೇಳಿದರೆ ನಂಬಲಿಕ್ಕಿಲ್ಲ. ಗಿಡ್ಡ, ಅಗಲ, ಹಿಂದೆ ಸಣ್ಣ ರೆಕ್ಕೆ. ನನ್ನ ಗಾಡಿಯ ದೊಡ್ಡಪ್ಪನ ಮಗಳು, ನೀಲಿ ಸೀರೆ ಉಟ್ಟು ನಿಂತಿದ್ದಳು. “ಅಗಂ ಬಾಯಿ!” ಎಂದು ಖುಷಿಗೆ ಮರಾಠಿಯಲ್ಲಿ ನಾನು ಕೂಗಿದ್ದಕ್ಕೆ ಬಾಡಿಗೆ ಅಂಗಡಿಯವನು ಏನೋ ಗೀರು ಕಂಡಿತೆಂದು ಓಡಿಬಂದ.

ಪೂಜೆಯಿಲ್ಲದೆ ಗಾಡಿ ಎಬ್ಬಿಸಲು ಅಕ್ಕ ಬಿಡಲಿಲ್ಲ. ನಿಲ್ದಾಣದ ಅಂಗಡಿಯಿಂದ ನಿಂಬೆಹಣ್ಣು ತಂದರು. ಅಲ್ಲಿಯ ನಿಂಬೆ ನಮ್ಮ ಮೋಸಂಬಿಯಷ್ಟಿರುತ್ತದೆ, ಸಿಪ್ಪೆಯೋ ಚಪ್ಪಲಿಯಷ್ಟು ದಪ್ಪ. ಚಕ್ರಕ್ಕೊಂದು ಇಟ್ಟು ಭಾವ ಗಾಡಿ ಮುಂದೆ ಬಿಟ್ಟರೆ ಒಂದು ಹಣ್ಣು ಒಡೆಯದೆ ಛಂಗನೆ ಹಾರಿ ಬಾಡಿಗೆ ಅಂಗಡಿಯವನ ಬೂಟಿಗೆ ಬಡಿಯಿತು. ಅವನು ಅದನ್ನು ಎತ್ತಿ, ಒರೆಸಿ, ಗೌರವದಿಂದ ಅಕ್ಕನ ಕೈಗೆ ಕೊಟ್ಟ. ಇವರದು ಹಣ್ಣು ಬಿದ್ದಿದೆ ಎಂದುಕೊಂಡಿರಬೇಕು, ಪಾಪ.

ನಾನು ಬಾಗಿಲು ತೆಗೆದು ಠೀವಿಯಿಂದ ಕುಳಿತೆ. ಸ್ಟೇರಿಂಗೇ ಇಲ್ಲ! ಅದು ಎಡಗಡೆ, ನಮ್ಮವರ ಮುಂದೆ ಇತ್ತು. ಅವರು ಗಾಬರಿಯಿಂದ ಎರಡೂ ಕೈ ಮೇಲೆತ್ತಿದ್ದರು. ಜಾಗ ಬದಲಿಸಿದೆವು. ಗೇರು ಬಲಗೈಗೆ, ರಸ್ತೆಯ ಬಲಬದಿಗೆ ಓಡಿಸಬೇಕು, ಸಿಗ್ನಲ್ ಹಾಕುವ ಕಡ್ಡಿ ಎಡಕ್ಕೆ. ಮೊದಲ ನಾಲ್ಕಾರು ತಿರುವುಗಳಲ್ಲಿ ನಾನು ಸಿಗ್ನಲ್ ಹಾಕಿದಾಗಲೆಲ್ಲ ವೈಪರ್ ಕುಣಿಯಿತು.

“ಮಳಿ ಎಲ್ಲೈತೇ ಶೈಲಾ?” ನಮ್ಮವರು ಕೇಳುವರು.

“ಸುಮ್ಮ ಕೂಡ್ರಿ. ಗಾಜ ತೊಳ್ಯಾಕತ್ತೀನಿ.”

ಊರು ದಾಟುವಷ್ಟರಲ್ಲಿ ಕೈಗೆ ರೂಢಿಯಾಯಿತು. ಗಾಡಿ ಬೆಣ್ಣೆಯಲ್ಲಿ ಹೋಗುವ ಚಾಕುವಿನ ಹಾಗೆ. ಎದುರಿಗೆ ದೊಡ್ಡ ನೀಲಿ ಬೋರ್ಡು ಬಂತು. ಆಟೋಬಾನ್! ಎಷ್ಟೋ ಕಡೆ ವೇಗಕ್ಕೆ ಮಿತಿಯೇ ಇಲ್ಲದ ರಸ್ತೆ. ನನ್ನ ಮೈಯಲ್ಲಿ ರೋಮಾಂಚನ. ಮುಂದೆ ಭಾವನ ಬೂದು ಗಾಡಿ.

ಆಟೋಬಾನ್

ಆ ರಸ್ತೆಯನ್ನು ನೋಡಿದರೆ ನಿಮಗೂ ಕಾಲು ಜುಮುಗುಟ್ಟುತ್ತದೆ. ಗುಂಡಿಯಿಲ್ಲ, ಉಬ್ಬಿಲ್ಲ, ಅಡ್ಡ ಬರುವ ಎಮ್ಮೆಯಿಲ್ಲ, ಎದುರು ದಿಕ್ಕಿನಿಂದ ಬಂದು ನಮಗೇ ಬೈಯುವ ಮೋಟಾರುಸೈಕಲ್ ಇಲ್ಲ. ಒಬ್ಬರೂ ಹಾರ್ನ್ ಹೊಡೆಯುವುದಿಲ್ಲ. ಎಡಪಟ್ಟಿಯಲ್ಲಿ ಗಾಡಿಗಳು ಸುಂಯ್ ಸುಂಯ್ ಎಂದು ಹೋಗುತ್ತಿದ್ದವು. ಬಲಪಟ್ಟಿಯಲ್ಲಿ ಭಾವ, ಅವರ ಹಿಂದೆ ನಾನು. ಕುಂಭಾರಿಯ ವೇಗ. ಮೂರನೇ ಗೇರು.

ಮೊದಲು ಕಾರುಗಳು ದಾಟಿದವು. ಆಮೇಲೆ ಬಸ್ಸುಗಳು. ಆಮೇಲೆ ಲಾರಿಗಳು, ಒಂದರ ಹಿಂದೊಂದು. ಬೆನ್ನ ಮೇಲೆ ದೋಣಿ ಹೊತ್ತ ಒಂದು ಗಾಡಿಯೂ ದಾಟಿತು, ಅದರೊಳಗಿನ ನಾಯಿ ನನ್ನನ್ನು ತಿರುಗಿ ನೋಡಿತು. ನಾಚಿಕೆಯಾಯಿತು.

“ದಾಟಿ ಹೋಗಬಾರದಾ?” ಎಂದೆ ನಮ್ಮವರಿಗೆ.

“ಅಣ್ಣಾ ಮುಂದಿದ್ದಾನ” ಎಂದರು. ಅಷ್ಟೇ. ನಾನೂ ಅಷ್ಟಕ್ಕೇ ಸುಮ್ಮನಾದೆ. ನೋಡಿ ನಮ್ಮ ತಲೆ ಹೇಗೆ ತಯಾರಾಗಿದೆ! ಸಾವಿರಾರು ಮೈಲಿ ಹಾರಿ ಬಂದರೂ, ದಾಟಬಹುದಿತ್ತು ಎಂಬುದು ಕಾಲಿಗೆ ಗೊತ್ತಾಗಲೇ ಇಲ್ಲ.

ನನ್ನ ಹಿಂದೆ ಬಂದ ಲಾರಿಗಳು ಲೈಟು ಮಿನುಗಿಸತೊಡಗಿದವು. ಅಕ್ಕ ಮುಂದಿನ ಗಾಡಿಯಿಂದ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. “ಶೈಲಾ, ಎಷ್ಟ ಚಲೋ ಮಂದಿ ನೋಡು ಇಲ್ಲಿ. ಲೈಟ್ ಹಚ್ಚಿ ನಮಸ್ಕಾರ ಮಾಡಾಕತ್ತಾರ.” ಭಾವ ಕಿಟಕಿಯಿಂದ ಕೈ ಹೊರಹಾಕಿ ಬೀಸಿದರು. ಲಾರಿಯವನು ಇನ್ನೂ ಜೋರಾಗಿ ಮಿನುಗಿಸಿದ. ಭಾವ ಇನ್ನೂ ಪ್ರೀತಿಯಿಂದ ಬೀಸಿದರು.

ಸ್ವಲ್ಪ ಹೊತ್ತಿಗೆ ನೀಲಿ ಪಟ್ಟೆಯ ಪೊಲೀಸ್ ಗಾಡಿಯೊಂದು ಪಕ್ಕದಿಂದ ಬಂದು ಭಾವನ ಮುಂದೆ ಸೇರಿಕೊಂಡಿತು. ಅದರ ನೆತ್ತಿಯ ಮೇಲೆ ಕೆಂಪಕ್ಷರದ ಬೋರ್ಡು ಹೊತ್ತಿತು.

“ಶೈಲಾ!” ಅಕ್ಕನ ಧ್ವನಿಯಲ್ಲಿ ಹಿಗ್ಗು. “ನಮಗ ಪೈಲಟ್ ಗಾಡಿ ಕೊಟ್ಟಾರ ನೋಡು! ಮಂತ್ರಿಗೋಳಿಗಿ ಕೊಟ್ಟಾಂಗ!”

ಅದೇ ಫೋನಿನಲ್ಲಿ ಭಾವನ ದನಿ ಕೇಳಿಸಿತು. “ಟವೆಲ್ ಆರ್ಡರ್ ದೊಡ್ಡದೈತಲ್ಲ. ಯೂಟಾಬಾಯಿ ಹೇಳಿರಬೇಕು.”

ಪೆಟ್ರೋಲ್ ಬಂಕಿನ ಅಂಗಳ

ಪೈಲಟ್ ಗಾಡಿ ನಮ್ಮನ್ನು ರಸ್ತೆಬದಿಯ ಬಂಕಿಗೆ ಕರೆದೊಯ್ದಿತು. ಎತ್ತರದ ಪೊಲೀಸ್ ಹೆಂಗಸೊಬ್ಬಳು ಇಳಿದು ಮೊದಲು ನನ್ನ ಹತ್ತಿರ ಬಂದಳು. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು.

“ಗಾಡಿಯಲ್ಲಿ ದೋಷವಿದೆಯೇ?”

“ಇಲ್ಲ, ಬಹಳ ಒಳ್ಳೆಯ ಗಾಡಿ” ಎಂದೆ. ಹೊಗಳಲು ಅವಕಾಶ ಸಿಕ್ಕರೆ ಬಿಡುವವಳಲ್ಲ ನಾನು.

“ಮತ್ತೆ ಇಷ್ಟು ನಿಧಾನ ಏಕೆ? ಇದು ಅಪಾಯ. ನಿಮ್ಮ ಹಿಂದೆ ಲಾರಿಗಳ ಸಾಲೇ ಇತ್ತು.”

“ಮುಂದಿನ ಗಾಡಿ ನಿಧಾನವಿತ್ತು.”

“ಅದನ್ನು ದಾಟಬೇಕಿತ್ತು.”

“ಅವರು ನನ್ನ ಗಂಡನ ಅಣ್ಣ.”

“ಸರಿ. ಆದರೆ ಯಾಕೆ ದಾಟಲಿಲ್ಲ?”

“ಅವರು ನನ್ನ ಗಂಡನ ಅಣ್ಣ” ಎಂದು ಇನ್ನೊಮ್ಮೆ, ಬಿಡಿಸಿ ಹೇಳಿದೆ. ಅದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ಅವಳು ತನ್ನ ಜೊತೆಗಾರನನ್ನು ನೋಡಿದಳು. ಅವನು ಆಕಾಶ ನೋಡಿದ. ಅಷ್ಟರಲ್ಲಿ ಅಕ್ಕ ಜೋಳದ ಕಡಕ್ ಭಾಕರಿ, ಶೇಂಗಾ ಚಟ್ನಿಯ ಡಬ್ಬಿ ಹಿಡಿದು ಬಂದು, “ತಿನ್ನವಾ, ಬಿಸಲಾಗ ನಿಂತ ಕೆಲಸಾ ಮಾಡತಿ” ಎಂದರು. ಅವಳು ನಕ್ಕು ಕೈಮುಗಿಯುವಂತೆ ಮಾಡಿ ಬೇಡವೆಂದಳು.

ಕೊನೆಗೆ ತೀರ್ಪು ಬಂತು. ಈ ಸಲ ಎಚ್ಚರಿಕೆ ಮಾತ್ರ. ಇನ್ನು ಮುಂದೆ ನೀಲಿ ಗಾಡಿ ಮುಂದೆ ಹೋಗಬೇಕು, ಬೂದು ಗಾಡಿ ಅದನ್ನು ನೋಡಿಕೊಂಡು ಅದೇ ವೇಗದಲ್ಲಿ ಬರಬೇಕು. ನಮ್ಮವರು ಇದನ್ನು ಕನ್ನಡದಲ್ಲಿ ಹೇಳುತ್ತಿದ್ದಂತೆ ಭಾವನ ಮುಖ ಸುಟ್ಟ ಬದನೆಕಾಯಿಯಾಯಿತು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಹೆದರಿಕೆಯಾಯಿತು. ನಾಲ್ಕು ಮಂದಿಯೆದುರು ಹೀಗಾದರೆ ಊರಿಗೆ ಹೋದಮೇಲೆ ಪಾಡ್ಯದವರೆಗೂ ಕಾಯುವುದಿಲ್ಲ, ಮರುದಿನವೇ ನನ್ನ ಕೆಂಪು ಗಾಡಿ ವಾಡೆಯಿಂದ ಹೊರಗೆ.

ಭಾವ ಬಹಳ ಹೊತ್ತು ಯೋಚಿಸಿದರು. ಆಮೇಲೆ ಬೂದು ಗಾಡಿಯ ಕೀಲಿ ತೆಗೆದು ತಮ್ಮನ ಕೈಗಿತ್ತರು.

“ನೀ ನಿನ್ನ ವೈನೀನ ಕರಕೊಂಡು ಹಿಂದ ಬಾ. ನಾ ಮುಂದಿನ ಗಾಡ್ಯಾಗ ಕೂಡತೀನಿ. ಹಿರ್ಯಾರು ಮುಂದಿರಬೇಕು, ಅಷ್ಟ ಹೌದಲ್ಲೋ?”

ಭಲೇ ಭಾವ! ರೂಢಿಯೂ ಉಳಿಯಿತು, ಪೊಲೀಸರ ಮಾತೂ ನಡೆಯಿತು. ಹೀಗೆ ನಮ್ಮ ಭಾವ, ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ, ನಾನು ಓಡಿಸುವ ಗಾಡಿಯಲ್ಲಿ ನನ್ನ ಪಕ್ಕ ಕುಳಿತರು. ಟೋಪಿ ಸರಿಮಾಡಿಕೊಂಡರು. ಬೆಲ್ಟ್ ಹಾಕಿಕೊಂಡರು. ನಾನು ಸೆರಗು ಸರಿಮಾಡಿಕೊಂಡೆ.

ರಸ್ತೆಗೆ ಇಳಿದೆವು. ಎರಡನೇ ಗೇರಿನಲ್ಲಿ ಕಾಲೊತ್ತಿದೆ. ಆ ಒಂದು ಕ್ಷಣದ ಯೋಚನೆ, ಆಮೇಲೆ ಆ ಎಳೆತ! ಮೂರು, ನಾಲ್ಕು. ಲಾರಿಗಳು ಒಂದೊಂದಾಗಿ ಹಿಂದೆ ಬೀಳತೊಡಗಿದವು. ದೋಣಿಯ ಗಾಡಿಯೂ ಸಿಕ್ಕಿತು, ನಾಯಿಯನ್ನು ಈ ಸಲ ನಾನು ತಿರುಗಿ ನೋಡಲಿಲ್ಲ.

“ರಾಜೂ, ಆಕೀಗಿ ಹೇಳು...” ಎಂದು ಭಾವ ಹಿಂದಿನ ಸೀಟಿಗೆ ತಿರುಗಿದರು. ಅಲ್ಲಿ ಟವೆಲ್ ಗಂಟುಗಳಿದ್ದವು.

ಗಂಟಲು ಸರಿಮಾಡಿಕೊಂಡರು. ಮುಂದಿನ ಗಾಜನ್ನೇ ನೋಡುತ್ತ ಕೇಳಿದರು.

“ಇದಕ್ಕ ಇನ್ನೂ ಗೇರ್ ಉಳದೈತೇನವಾ?”

ನನ್ನನ್ನೇ ಕೇಳಿದ್ದು. ಐದನೆಯದರಲ್ಲಿದ್ದೆ. “ಒಂದ ಉಳದೈತ್ರಿ” ಎಂದೆ.

“ಮತ್ತ ಯಾಕ ಇಟ್ಟೀ ಅದನ್ನ?”

ಹಾಕಿದೆ. ಅಯ್ಯೋ, ಅದನ್ನು ಹೇಗೆ ಬರೆಯಲಿ! ಎಂಜಿನ್ನಿನ ದನಿ ಇಳಿದು ಗಾಡಿ ನೆಲಕ್ಕೆ ಇನ್ನಷ್ಟು ಹತ್ತಿ ಹರಿಯಿತು, ಎರಡೂ ಬದಿಯ ಹಸಿರು ಕರಗಿಹೋಯಿತು, ಅಂಗೈಯಲ್ಲಿ ಸ್ಟೇರಿಂಗು ಜೀವವಿದ್ದಂತೆ ಮಿಡಿಯಿತು. ನಾನು ನಗುತ್ತಿದ್ದೆ. ಓರೆಗಣ್ಣಿನಿಂದ ನೋಡಿದರೆ ಭಾವ ಬಾಗಿಲ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದಿದ್ದರು. ಮೀಸೆಯ ಕೆಳಗೆ ಹಲ್ಲು ಕಾಣುತ್ತಿತ್ತು. ಹೆದರಿಕೆಗೋ ನಗೆಗೋ ತಿಳಿಯಲಿಲ್ಲ.

ಎಡಪಟ್ಟಿಯಲ್ಲಿ ಮುಂದೆ ಒಂದು ಗಾಡಿ ನಿಧಾನವಾಗಿ ಹೋಗುತ್ತಿತ್ತು. ನಾನು ವೇಗ ಇಳಿಸಿದೆ.

“ಲೈಟ್ ಹಾಕಿ ತಗೀ” ಎಂದರು ಭಾವ. “ಲಗೂ ನಡೀ ಅಂತ ಅದರ ಅರ್ಥ. ಆಗ ಲಾರಿಯಾಂವ ನಮಸ್ಕಾರ ಮಾಡಿದ್ದಲ್ಲ, ಈಗ ತಿಳೀತು ನನಗ.” ಆಮೇಲೆ ಇನ್ನೊಂದು ಮಾತು ಸೇರಿಸಿದರು. “ಇದನ್ನ ನಿನ್ನ ಅಕ್ಕಗ ಹೇಳಬ್ಯಾಡ.”

ಕಪ್ಪುಕಾಡು

ಹೆಸರು ಕಪ್ಪುಕಾಡು, ಮರಗಳೆಲ್ಲ ಹಸಿರು. ತಿರುವು ತಿರುವಿನ ಗುಡ್ಡದ ರಸ್ತೆ, ಇಂಥ ಗಾಡಿಗೆಂದೇ ಮಾಡಿದಂತೆ. ನಮ್ಮ ಕಡೆ ರಸ್ತೆಯೆಂದರೆ ನೆಟ್ಟಗೆ, ಎರಡೂ ಬದಿ ಜೋಳ, ತೊಗರಿ. ಹೀಗೆ ಸುತ್ತಿ ಸುತ್ತಿ ಹೋಗುವ ಸುಖ ನನಗೆ ಹೊಸದು.

ಯೂಟಾ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ನಮಗಾಗಿ ಮಾಡಿದ ಆಲೂಗಡ್ಡೆ ಪಲ್ಯ, ಕಪ್ಪು ರೊಟ್ಟಿ ಆರಿಹೋಗಿದ್ದವು. ಅಲ್ಲಿಯ ಜನ ಹೇಳಿದ ಹೊತ್ತಿಗೆ ಬಾರದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ನಮ್ಮಲ್ಲಿ ಹೇಳಿದ ಹೊತ್ತಿಗೆ ಹೋದರೆ ಮನೆಯವರು ಇನ್ನೂ ಸ್ನಾನ ಮಾಡುತ್ತಿರುತ್ತಾರೆ. ಯಾಕೆ ತಡ ಎಂದು ಅಜ್ಜಿ ಗಂಭೀರವಾಗಿಯೇ ಕೇಳಿದಳು.

ದಾರಿಯಲ್ಲಿ ಟ್ರಾಫಿಕ್ ಎಂದು ಹೇಳಲು ನಮ್ಮವರು ಬಾಯಿ ತೆರೆದರು. ಭಾವ ತಡೆದು, ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ ತಾವೇ ಹೇಳಿದರು: “ನಾನು ಮುಂದೆ ಇದ್ದೆ. ಅದಕ್ಕೇ ತಡ.” ಆಮೇಲೆ ನನ್ನ ಕಡೆ ಕೈ ತೋರಿಸಿದರು. “ಆಮೇಲೆ ಇವಳು ಮುಂದೆ ಬಂದಳು. ಅದಕ್ಕೇ ಇವತ್ತೇ ಮುಟ್ಟಿದೆವು.”

ಅಜ್ಜಿ ನಕ್ಕುಬಿಟ್ಟಳು. ನಾನು ಟವೆಲ್ ಗಂಟು ಬಿಚ್ಚುವ ನೆಪದಲ್ಲಿ ಬಗ್ಗಿ ಕಣ್ಣು ಒರೆಸಿಕೊಂಡೆ. ನಮೂನೆಯ ಟವೆಲ್ಲಿಗೇ ಒರೆಸಿದೆ, ಯಾರೂ ನೋಡಲಿಲ್ಲ.

ಆದರೆ ಕೆಂಪು ಗಾಡಿಯ ಮಾತು ಮಾತ್ರ ಭಾವ ಎತ್ತಲೇ ಇಲ್ಲ. ಅಲ್ಲಿದ್ದಷ್ಟು ದಿನ ಇಲ್ಲ, ವಿಮಾನದಲ್ಲೂ ಇಲ್ಲ. ನಮ್ಮವರನ್ನು ಕೇಳಿದರೆ, “ನನಗೇನೂ ಹೇಳಿಲ್ಲ” ಎಂದು ಕಂಬಳಿ ಹೊದ್ದು ಮಲಗಿದರು.

ಮತ್ತೆ ಕುಂಭಾರಿ

ಮನೆಗೆ ಬಂದರೆ ವಾಡೆಯ ಬಾಗಿಲಲ್ಲಿ ಶೋರೂಮಿನವನು ಏಳು ಸೀಟಿನ ಗಾಡಿ ತಂದು ನಿಲ್ಲಿಸಿದ್ದ. ನೋಡಲು ಮಾತ್ರ ಅಂತೆ. ಅದು ಬೆಳ್ಳಗೆ, ಎತ್ತರಕ್ಕೆ, ಬೀರು ಮಲಗಿಸಿದಂತೆ ಇತ್ತು. ನನ್ನ ಕೆಂಪನ್ನು ಗೋಡೆಗೆ ಒತ್ತಿ ಸರಿಸಿದ್ದರು, ನೆತ್ತಿಯ ಮೇಲೆ ಬೇವಿನೆಲೆ ಬಿದ್ದಿದ್ದವು. ಭಾವ ಹೊಸ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ ಒಳಗೆ ಹೋದರು. ಹ್ಞೂಂ ಇಲ್ಲ, ಊಹೂಂ ಇಲ್ಲ. ಸಂಜೆ ಹೊರಗೆ ಹೋಗಿ ನನ್ನ ಗಾಡಿಯನ್ನು ತೊಳೆದೆ. ಕೊನೆಯ ಸಲವಾದರೂ ಚೊಕ್ಕವಾಗಿ ಹೋಗಲಿ ಎಂದು.

ಗುರುವಾರ ಬಂತು. ಎಂದಿನಂತೆ ಅಕ್ಕಲಕೋಟೆಗೆ ಹೊರಟೆವು. ಎಂದಿನಂತೆ ಮುಂದೆ ಬಿಳಿ ಗಾಡಿ, ಬಿರುಕಿನ ದೀಪ, ತಗ್ಗಿನ ಬಂಪರು, ಅರ್ಧ ಓಂಕಾರ. ಹಿಂದೆ ನಾನು, ಮೂರನೇ ಗೇರು. ಕಬ್ಬಿನ ಟ್ರ್ಯಾಕ್ಟರು ದಾಟಿತು. ಜರ್ಮನಿಗೆ ಹೋಗಿಬಂದಿದ್ದು ಕನಸೇ ಇರಬೇಕು ಎನಿಸಿತು.

ಕುಂಭಾರಿ ದಾಟಿದ ಮೇಲೆ ಬಿಳಿ ಗಾಡಿಯ ಕಿಟಕಿಯಿಂದ ಭಾವನ ಕೈ ಹೊರಬಂದು ಬೀಸತೊಡಗಿತು. ನೊಣ ಓಡಿಸುತ್ತಿದ್ದಾರೆಂದುಕೊಂಡೆ. ಬೀಸುವುದು ನಿಲ್ಲಲಿಲ್ಲ. ಅಷ್ಟರಲ್ಲಿ ಫೋನ್. ನಮ್ಮವರು ಸ್ಪೀಕರಿಗೆ ಹಾಕಿದರು.

“ಶೈಲಾ, ಮುಂದ ಹೋಗಂತಾರ” ಅಕ್ಕನ ದನಿ.

“ಯಾರಿಗ್ರಿ? ಟ್ರ್ಯಾಕ್ಟರದಾಂವಗೇನು?”

“ನಿನಗ, ಯವ್ವಾ!”

ನಿಜವಾಗಿ ಹೇಳುತ್ತೇನೆ, ಹೆದರಿಕೆಯಾಯಿತು. ನಮ್ಮವರನ್ನು ನೋಡಿದೆ. ಅವರು ಬಾಯಿ ತೆರೆದುಕೊಂಡು ಫೋನನ್ನೇ ನೋಡುತ್ತಿದ್ದರು.

ಆಗ ಭಾವನ ದನಿ ಬಂತು. ತಮ್ಮನ ಹೆಸರು ಹೇಳಲಿಲ್ಲ. “ಶೈಲಾ, ಹೋಗವಾ. ಆ ದೊಡ್ಡ ಗಾಡಿ ಬ್ಯಾಡಂತ ಹೇಳಿ ಕಳಿಸೀನಿ. ಕೆಂಪದು ಎಲ್ಲೂ ಹೋಗಂಗಿಲ್ಲ. ಗೇರ್ ಇಟ್ಟಕೊಂಡು ನನ್ನ ಹಿಂದ ಹಿಂಗ ಬರೂದು ನೋಡಾಕ ಆಗವಲ್ಲದು. ನಡೀ, ನಾ ಸಾವಕಾಶ ಬರತೀನಿ.”

“ಹ್ಞೂಂ ರಿ ಭಾವಾ” ಎಂದೆ. ನಮ್ಮವರು ಆಗಲೇ ಮೇಲಿನ ಹಿಡಿಕೆ ಹಿಡಿದುಕೊಂಡಿದ್ದರು.

ಸಿಗ್ನಲ್ ಹಾಕಿದೆ. ವೈಪರ್ ಕುಣಿಯಿತು. ಜರ್ಮನಿಯ ಅಭ್ಯಾಸ! ಮತ್ತೆ ಸರಿಯಾಗಿ ಹಾಕಿ, ಬಲಕ್ಕೆ ಬಂದು, ಎರಡನೇ ಗೇರಿಗಿಳಿಸಿ ಕಾಲೊತ್ತಿದೆ. ಒಂದು ಕ್ಷಣ ಬಿಳಿ ಗಾಡಿ ಪಕ್ಕದಲ್ಲಿತ್ತು, ಅಕ್ಕ ಕೈಯಾಡಿಸುತ್ತಿದ್ದರು. ಆಮೇಲೆ ನನ್ನ ಮುಂದೆ ರಸ್ತೆ ಮಾತ್ರ ಇತ್ತು.

ಕನ್ನಡಿಯಲ್ಲಿ ನೋಡಿದೆ. ಇಷ್ಟು ವರ್ಷ ಬೆನ್ನನ್ನೇ ನೋಡಿದ ಆ ಗಾಡಿ ಓಡುವಾಗ ಮುಂದಿನಿಂದ ಹೇಗೆ ಕಾಣುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮೂತಿಯ ಮೇಲೆ ಚೆಂಡುಹೂವಿನ ಮಾಲೆ ಹಾರಾಡುತ್ತಿತ್ತು, ಗಾಜಿನಾಚೆ ಬಿಳಿ ಟೋಪಿ, ಮೀಸೆಯ ಕೆಳಗೆ ಹಲ್ಲು. ಈ ಸಲ ನಗೆಯೇ, ಸಂಶಯವಿಲ್ಲ.

ಭಾವ ಲೈಟು ಹಾಕಿ ತೆಗೆದರು, ಮತ್ತೊಮ್ಮೆ ಹಾಕಿ ತೆಗೆದರು.

ನಾನು ಇನ್ನೊಂದು ಗೇರು ಹಾಕಿದೆ.